ಬೆಳ್ಳಿ ತಂತಿಯೂ ಆರೋಪಿ ಫ್ರಿಜ್ಜೂ

ಹಲ್ಲು ಡಾಕ್ಟರಿಗೆ ಹಗಲೆಲ್ಲ ಕೊರೆಯುವ ಯಂತ್ರದ ಕಿರ್ರೆನ್ನುವ ಸದ್ದೇ ಗತಿ. ಅದಕ್ಕೇ ಸಂಜೆ ಮನೆಗೆ ಬಂದವರೇ ರೆಕಾರ್ಡ್ ಪ್ಲೇಯರಿನ ಮುಂದೆ ಕೂತುಬಿಡುತ್ತಿದ್ದರು. ಪಿಟೀಲು ಕೇಳಿದರೆ ಹೋದ ಜೀವ ಬಂದಂತಾಗುತ್ತಿತ್ತು. ಅವರ ಹೆಂಡತಿ ನ್ಯಾಯಾಧೀಶೆ. ದಿನವಿಡೀ ವಕೀಲರ ಕೂಗಾಟ ಕೇಳಿ ಬಂದವಳು ಗಂಡನ ಪಕ್ಕ ಕಣ್ಣು ಮುಚ್ಚಿ ಕೂರುತ್ತಿದ್ದಳು. ಕೇಳುತ್ತಿದ್ದಳೋ ನಿದ್ದೆ ಹೊಡೆಯುತ್ತಿದ್ದಳೋ, ಡಾಕ್ಟರು ಕೆದಕಲು ಹೋಗಿರಲಿಲ್ಲ.

ಈ ನೆಮ್ಮದಿಗೆ ಕಡ್ಡಿ ಗೀರಿದವನು ಅವಳ ತಮ್ಮ. ಆಡಿಯೋ ಸಾಮಾನಿನ ಅಂಗಡಿ ಇಟ್ಟಿದ್ದ; ಮಾತಲ್ಲೇ ಮನೆ ಕಟ್ಟುವ ಆಸಾಮಿ. ಒಂದು ಭಾನುವಾರ ವೆಲ್ವೆಟ್ ಡಬ್ಬಿ ಹಿಡಿದು ಬಂದ. ಒಳಗೆ ಜಡೆಯಂತೆ ಹೆಣೆದ ಬೆಳ್ಳಿ ತಂತಿ.

"ಭಾವ, ಪ್ಲೇಯರಿಂದ ಆಂಪ್ಲಿಫೈಯರಿಗೆ ಒಂದು ಕಪ್ಪು ವೈರು ಹಾಕಿದ್ದೀರಲ್ಲ, ತಾಮ್ರದ್ದು, ಅದು ಸಂಗೀತದ ಕತ್ತು ಹಿಸುಕ್ತಿದೆ. ಇದು ಅಪ್ಪಟ ಬೆಳ್ಳಿ. ಮೇಲೆ ಬರೀ ರೇಷ್ಮೆ. ಸದ್ದು ಉಸಿರಾಡುತ್ತೆ!"

"ಊರವರ ಹಲ್ಲಿಗೆ ಬೆಳ್ಳಿ ತುಂಬಿದ್ದಾಯ್ತು, ಇನ್ನು ನಿಮ್ಮ ಕಿವಿಗೂ ತುಂಬಿಸ್ಕೊಳ್ಳಿ" ಅಂದಳು ಹೆಂಡತಿ.

ವೈರು ಬದಲಾಯಿತು. ರೆಕಾರ್ಡ್ ತಿರುಗಿತು. "ಆಹಾ, ಪರದೆ ಸರಿದ ಹಾಗಾಯ್ತು" ಎಂದು ಡಾಕ್ಟರು ತಲೆದೂಗಿದರು. ಆದರೆ ಪಿಟೀಲಿನ ಹಿಂದೆ ಗುಂಯ್ ಎಂದು ಏನೋ ಕೇಳುತ್ತಿತ್ತು.

"ಏನ್ರೀ ಅದು, ಒಳಗೆ ಜೇನುನೊಣ ಹೊಕ್ಕಿದೆಯಾ?"

"ಅದು ಸ್ಟುಡಿಯೋದ ಗಾಳಿ ಕಣೇ. ಹಳೇ ವೈರು ಇಷ್ಟು ದಿನ ಬಚ್ಚಿಟ್ಟಿತ್ತು."

"ಸ್ಟುಡಿಯೋದವರು ಕಿಟಕಿ ಮುಚ್ಕೋಬಾರದಿತ್ತಾ?"

ವಾರ ಕಳೆಯುವಷ್ಟರಲ್ಲಿ ಡಾಕ್ಟರಿಗೂ ಆ ಗಾಳಿ ಸಾಕಾಯಿತು. ಆದರೆ ಅಷ್ಟು ಹೊಗಳಿದ ಬೆಳ್ಳಿಯನ್ನು ಈಗ ತೆಗಳುವುದು ಹೇಗೆ? ಗೋಡೆಯ ಆಚೆ ಅಡುಗೆಮನೆಯಲ್ಲಿ ಫ್ರಿಜ್ ಇತ್ತು. ಎಲ್ಲ ಅದರದ್ದೇ ಕಿತಾಪತಿ ಎಂದು ತೀರ್ಮಾನಿಸಿ, ಭಾಮೈದನನ್ನು ಕರೆಸಿ, ಇಬ್ಬರೂ ಏದುಸಿರು ಬಿಡುತ್ತ ಅದನ್ನು ಮಲಗುವ ಕೋಣೆಗೆ ಸಾಗಿಸಿದರು. ಗುಂಯ್ ನಿಲ್ಲಲಿಲ್ಲ. ಸಾಲದ್ದಕ್ಕೆ ಈಗ ಹಾಸಿಗೆಯ ಪಕ್ಕದಲ್ಲೇ ಫ್ರಿಜ್ ಗುರುಗುಟ್ಟತೊಡಗಿತು. ಅತ್ತ ದರಿ, ಇತ್ತ ಪುಲಿ.

"ಶಿಕ್ಷೆಯಂತೂ ಕೊಟ್ಟಾಯ್ತು, ಈಗಲಾದ್ರೂ ವಿಚಾರಣೆ ಮಾಡೋಣ" ಎಂದು ಹೆಂಡತಿ ಎದ್ದಳು. ಫ್ರಿಜ್ಜಿನ ಪ್ಲಗ್ಗನ್ನೇ ಕಿತ್ತಳು. ಗುಂಯ್ ಹಾಗೇ ಇತ್ತು. ಪ್ಲೇಯರಿದ್ದ ಹಜಾರಕ್ಕೆ ಬಂದು ಬೆಳ್ಳಿ ಜಡೆಯ ಹತ್ತಿರ ಬೆರಳು ತಂದಳು. ಸದ್ದು ಉಬ್ಬಿತು. ಬೆರಳು ಹಿಂದೆಗೆದಳು. ತಗ್ಗಿತು.

"ನೋಡಿ, ನಿಜವಾದ ಆರೋಪಿ ಬಾಯಿಬಿಟ್ಟ!"

ಡಾಕ್ಟರು ಹಳೇ ವೈರು ಹಾಕಿದರು. ಗುಂಯ್ ಮಾಯ, ಪಿಟೀಲೊಂದೇ ಉಳಿಯಿತು. ಬೆಳ್ಳಿಯನ್ನು ಹೊಗಳುವಾಗ ಮುಖ ಇಷ್ಟಗಲ ಮಾಡಿದ್ದವರು ಈಗ ಇಷ್ಟೇ ಇಷ್ಟು ಮಾಡಿಕೊಂಡರು. ಆದರೆ ಕಾರಣ ತಿಳಿಯದೆ ಬಿಡುವ ಜಾತಿಯಲ್ಲ. ಅಂಥದ್ದೇ ಇನ್ನೊಂದು ಹಳೇ ವೈರನ್ನು ಹುಡುಕಿ, ಹಲ್ಲು ನೋಡುವ ಭೂತಗನ್ನಡಿ ಏರಿಸಿ, ಬ್ಲೇಡಿನಿಂದ ಸೀಳಿದರು. ರಬ್ಬರಿನ ಕೆಳಗೆ, ಒಳತಂತಿಯ ಸುತ್ತ, ತಾಮ್ರದ ಸಣ್ಣ ಜಾಲರಿ ಹೊದಿಸಿತ್ತು. ಮನೆಯ ಕರೆಂಟಿನ ಗದ್ದಲವನ್ನೆಲ್ಲ ಅದು ಬಾಗಿಲಲ್ಲೇ ತಡೆಯುತ್ತಿತ್ತು. ಬೆಳ್ಳಿಗೆ ಆ ಕಾವಲೇ ಇರಲಿಲ್ಲ.

ಸುದ್ದಿ ತಿಳಿದು ಭಾಮೈದ ಓಡಿಬಂದ. "ಭಾವ, ಬೆಳ್ಳಿದೇನೂ ತಪ್ಪಿಲ್ಲ!"

"ಬೆಳ್ಳಿದು ತಪ್ಪಿಲ್ಲ ಕಣೋ, ಬೆತ್ತಲೆ ಬಂದಿದ್ದು ತಪ್ಪು" ಅಂದಳು ಅಕ್ಕ.

ಡಾಕ್ಟರು ಸೀಳಿದ ವೈರಿನ ಜಾಲರಿಯನ್ನು ನಾಜೂಕಾಗಿ ಬಿಡಿಸಿ, ಬೆಳ್ಳಿ ಜಡೆಗೆ ತೊಡಿಸಿ, ಅದರ ಒಂದು ತುದಿಯನ್ನು ಆಂಪ್ಲಿಫೈಯರಿನ ಅರ್ಥ್ ತಿರುಪಿಗೆ ಬಿಗಿದರು. ಸದ್ದು ಶುದ್ಧವಾಯಿತು. ಪ್ರಸಂಗ ಶುರುವಾದಾಗಿನಿಂದ ಮೊದಲ ಸಲ ಅವರು ಮನಸಾರೆ ನಕ್ಕರು.

"ಈಗ ಕಣ್ಣು ಮುಚ್ಕೊಳ್ಳಿ. ನಾನು ತಾಮ್ರ, ಬೆಳ್ಳಿ ಬದಲಾಯಿಸ್ತಾ ಹೋಗ್ತೀನಿ. ಯಾವುದು ಯಾವುದು ಅಂತ ಹೇಳ್ತೀರಾ?" ಅಂದಳು ಹೆಂಡತಿ.

"ಬೇಡ" ಅಂದರು ಡಾಕ್ಟರು, ತಟ್ಟನೆ. ಹೆಂಡತಿಯೂ ದೊಡ್ಡ ಮನಸ್ಸು ಮಾಡಿ ಒತ್ತಾಯಿಸಲಿಲ್ಲ.

ಫ್ರಿಜ್ಜನ್ನು ಮತ್ತೆ ಅಡುಗೆಮನೆಗೆ ಹೊರುವ ಕೆಲಸ ಉಳಿದಿತ್ತು. ಡಾಕ್ಟರು ಹಿಂದು ಹಿಂದಕ್ಕೆ ನಡೆಯುತ್ತಿದ್ದರು, ಭಾಮೈದ ಎದುರಿಂದ ಎತ್ತಿ ಹಿಡಿದಿದ್ದ.

"ಭಾವ," ಅಂದ ಅವನು, ಉಸಿರು ಕಟ್ಟಿಕೊಂಡು, "ವೈರು ನೆಲಕ್ಕೆ ತಾಗಿದ್ರೆ ಸದ್ದು ಮಂಕಾಗುತ್ತಂತೆ. ಕೆಳಗೆ ಕೊಡೋಕೆ ಮರದ ಪುಟ್ಟ ಕಾಲುಗಳು ಬಂದಿವೆ."

"ಮೊದಲು ಫ್ರಿಜ್ ನೆಟ್ಟಗೆ ಹಿಡ್ಕೋ!" ಎಂದು ಅಕ್ಕ ಗದರಿದಳು.

ಡಾಕ್ಟರು ಹೊಸ್ತಿಲು ದಾಟಿದರು. ಫ್ರಿಜ್ಜನ್ನು ಮೂಲೆಗೆ ತಳ್ಳಿದರು. ಬೆವರು ಒರೆಸಿಕೊಂಡರು. ಹೆಂಡತಿ ಅತ್ತ ತಿರುಗಿದ್ದೇ ತಡ, ಭಾಮೈದನ ಕಿವಿಯ ಹತ್ತಿರ ಬಾಗಿ ಕೇಳಿದರು:

"ಯಾವ ಮರದ್ದೋ?"