ಬಂಡೆಯ ಮೇಲಿನ ಯಂತ್ರ

ಆ ಹಸಿರು ಚುಕ್ಕೆ ಇನ್ನೂ ಆರಿಯೇ ಇದೆ, ಪರದೆಯ ಬಲತುದಿಯಲ್ಲಿ, ಸಾಸಿವೆಯಷ್ಟು ಗಾತ್ರದ್ದು, ಬೂದಿಬಣ್ಣಕ್ಕೆ ತಿರುಗಿ ಇಪ್ಪತ್ತು ನಿಮಿಷವಾಯಿತೋ ಮೂವತ್ತೋ, ಸುಲ್ಬಿ ಗಡಿಯಾರ ನೋಡಲಿಲ್ಲ, ನೋಡಿದರೆ ಒಂಬತ್ತು ಹನ್ನೆರಡು ಎಂಬ ಆ ಗಳಿಗೆ ಇನ್ನಷ್ಟು ನಿಜವಾಗಿಬಿಡುತ್ತದೆ ಎಂಬಂತೆ — ಕಿಟಕಿಯಾಚೆ ಬಂದರಿನ ನೀರು ತೆಪ್ಪಗಿದೆ, ಬಲೆಯ ಗುಡ್ಡೆಯ ಮೇಲೆ ಬೆಕ್ಕೊಂದು ಮಲಗಿದೆ, ಏನೂ ಆಗಿಲ್ಲವೆಂದೇ ಎಲ್ಲವೂ ಹೇಳುತ್ತಿದೆ, ಆದರೆ ಅವಳ ಬೆರಳಿಗೆ ಗೊತ್ತು. ಪರದೆಯ ಮೇಲೆ ಎರಡು ಕಪ್ಪು ಚೌಕಗಳು, ಅಕ್ಕಪಕ್ಕ, ಅವಳಿ ಮಕ್ಕಳ ಹಾಗೆ, ಒಂದರ ಸಾಲಿನ ಮೊದಲಲ್ಲಿ ಬಂದರು ಎಂದು ಬರೆದಿರುತ್ತದೆ, ಅದು ಈ ಮೇಜಿನ ಕೆಳಗೆ ಕುಳಿತು ಕಾಲಿಗೆ ಬಿಸಿ ಊದುವ ಯಂತ್ರ, ಇನ್ನೊಂದರಲ್ಲಿ ಬಂಡೆ ಎಂದು, ಅದು ಹನ್ನೊಂದು ಮೈಲಿ ಆಚೆ, ನಡುಗಡ್ಡೆಯ ಗುಡ್ಡದ ತುದಿಯ ಕೋಣೆಯಲ್ಲಿರುವ ಯಂತ್ರ, ಆ ಚುಕ್ಕೆ ಅದರದೇ, ಅಲ್ಲಿಯದನ್ನೂ ಇಲ್ಲಿಂದಲೇ ತೆರೆಯಬಹುದು, ಅದರ ಕಡತಗಳನ್ನು ಓದಬಹುದು, ತರಬಹುದು, ಅಳಿಸಬಹುದು, ಕೈ ಅಷ್ಟುದ್ದ ಚಾಚುತ್ತದೆ. ತಂತಿ ಬದಲಾಯಿಸೋರು ಬಂದಿದಾರೆ, ನಮ್ಮ ಯಂತ್ರ ಆರಿಸು ಅಂದರು ಮೇಲ್ವಿಚಾರಕ ಕಾಂಗ್, ಅವಳು ಆರಿಸಿದಳು, ಆ ಒಂದು ಪದ ಬರೆದು ಗುಂಡಿ ಒತ್ತಿದಳು, ಪರದೆ ಕಪ್ಪಾಗಲಿಲ್ಲ, ಸಂಪರ್ಕ ಕಡಿಯಿತು ಎಂಬ ಸಾಲೊಂದು ಬಂತು, ಆದರೆ ಕಾಲಿಗೆ ಬಿಸಿಗಾಳಿ ಬರುತ್ತಲೇ ಇತ್ತು, ಇನ್ನೂ ಬರುತ್ತಲೇ ಇದೆ, ಏಕೆ ಬರುತ್ತಿದೆ ಎಂದು ಒಂದು ಕ್ಷಣ ಯೋಚಿಸಿದ್ದು ನೆನಪಿದೆ, ಆಮೇಲೆ ಸಾಲಿನ ಮೊದಲು ನೋಡಿದ್ದು, ಬಂದರು ಅಲ್ಲ, ಬಂಡೆ ಎಂದಿತ್ತು.

ದೂರದಿಂದ ಏನು ಬೇಕಾದ್ರೂ ಮಾಡ್ಬೋದು ಕಣಮ್ಮಾ, ಆದ್ರೆ ಪೂರ್ತಿ ಆರಿಸಿಬಿಟ್ರೆ ಮುಗೀತು, ಮತ್ತೆ ಹಚ್ಚೋಕೆ ಅಲ್ಲಿ ಒಬ್ಬರ ಬೆರಳೇ ಬೇಕು, ಹಾಗಂತ ಕಾಂಗ್ ಮೊದಲ ದಿನವೇ ಹೇಳಿದ್ದರು, ಅವಳಿಗಲ್ಲ, ಮಗ್ಗುಲಲ್ಲಿದ್ದ ಕಾಲೇಜು ಓದಿದ ಹುಡುಗಿಗೆ, ಸುಲ್ಬಿ ಆಗ ನೆಲ ಒರೆಸುತ್ತಿದ್ದಳು, ಹದಿನಾರಕ್ಕೇ ಶಾಲೆ ಬಿಟ್ಟವಳು, ಒರೆಸುತ್ತ ಒರೆಸುತ್ತ ಭುಜಗಳ ನಡುವಿನಿಂದ ನೋಡಿ ನೋಡಿ ಎಲ್ಲವನ್ನೂ ಕಲಿತಳು, ಆ ಹುಡುಗಿ ಸಿಯೋಲ್‌ಗೆ ಹೋದಮೇಲೆ ಕುರ್ಚಿ ಇವಳದಾಯಿತು. ಬೆರಳೇ ಬೇಕು. ಅಲ್ಲಿರುವುದು ಛುನ್‌ಹ್ವಾಳ ಹೆಬ್ಬೆರಳು, ನಡುವೆ ಸೀಳಿದ ಉಗುರು, ಕಪ್ಪು ಗೆರೆ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಕಡಲ ತಳದಲ್ಲಿ ದೊಡ್ಡ ಚಿಪ್ಪೊಂದು ಆ ಬೆರಳನ್ನು ಬಂಡೆಗೆ ಒತ್ತಿ ಹಿಡಿದು ಬಿಡಲಿಲ್ಲವಂತೆ, ಉಸಿರು ಮುಗಿಯುತ್ತ ಬಂತು, ಎಳೆದುಕೊಂಡೆ ಮಗಾ, ಉಗುರು ಅದಕ್ಕೇ ಬಿಟ್ಟುಕೊಟ್ಟೆ, ಪ್ರಾಣ ನಾನು ತಗೊಂಡೆ. ಚಿಪ್ಪು ಹೆಕ್ಕಲು ಐವತ್ತು ವರ್ಷ ಕಡಲಲ್ಲಿ ಮುಳುಗಿದವಳು, ಕಿವಿ ಹೋಯಿತು, ಇನ್ನು ನೀರಿಗಿಳಿಯಬಾರದು ಅಂದರು ವೈದ್ಯರು, ಮುಳುಗುವವರ ಸಂಘದವರು ಗುಡ್ಡದ ಮೇಲಿನ ಕೋಣೆ ಕೊಟ್ಟರು, ಯಂತ್ರ ಅಲೆಯ ಎತ್ತರ ಅಳೆಯುತ್ತದೆ, ನೀರಿನ ಚಳಿ ಅಳೆಯುತ್ತದೆ, ಗಾಳಿ ತಿರುಗಿದರೆ ನೀರಿನಲ್ಲಿರುವವರಿಗೆ ಎಚ್ಚರಿಕೆಯ ಭೋಂಗಾ ಊದುತ್ತದೆ, ಅವಳು ಧೂಳು ಒರೆಸಬೇಕು, ಕ್ಯಾಮೆರಾದ ಗಾಜಿಗೆ ಕೂತ ಉಪ್ಪು ಒರೆಸಬೇಕು, ಅಷ್ಟೇ ಕೆಲಸ, ಆದರೆ ಅಲ್ಲಿಂದ ಮುಳುಗುವ ಗೆಳತಿಯರ ಕಿತ್ತಳೆ ಬಣ್ಣದ ತೇಲುಬುರುಡೆಗಳು ನೀರಿನ ಮೇಲೆ ತೇಲುವುದು ಕಾಣುತ್ತದೆ, ಅಷ್ಟು ಕಂಡ್ರೆ ಸಾಕು ಅನ್ನುತ್ತಾಳೆ, ಅಂದರೆ ಬರೆಯುತ್ತಾಳೆ, ಮಾತಿನ ಚೌಕದಲ್ಲಿ, ದಿನಾ ಬೆಳಿಗ್ಗೆ, ಆ ಒಂದೇ ಹೆಬ್ಬೆರಳಿನಿಂದ, ಅಕ್ಷರ ಒಂದೊಂದೇ ಮೂಡುತ್ತದೆ, ಗಾಳಿ ಇಲ್ಲ, ಊಟ ಆಯ್ತಾ. ಅರವತ್ತು ದಾಟಿದ ಮೇಲೆ ಓದು ಕಲಿತವಳು, ಗುಂಡಿಗಳನ್ನು ಒತ್ತಲು ಸುಲ್ಬಿಯೇ ಕಲಿಸಿದ್ದು, ಇಲ್ಲಿಂದ ಅಲ್ಲಿಯ ಬಾಣದ ಗುರುತನ್ನು ಸರಿಸಿ ಸರಿಸಿ ತೋರಿಸುತ್ತ, ಎದುರಾಬದುರು ಕೂತು ಒಂದು ಸಲವೂ ಮಾತಾಡಿಲ್ಲ, ಯಾರೊಡನೆಯೂ ಆಡದಷ್ಟು ಮಾತನ್ನು ಅವಳೊಡನೆ ಆಡಿದ್ದಾಳೆ.

ಏನ್ ಸಾಮ್‌ಚುನ್, ಮತ್ತೆ ಯಂತ್ರದ ಪ್ಲಗ್ ಕಿತ್ತು ಅನ್ನದ ಕುಕ್ಕರ್ ಸಿಕ್ಕಿಸಿದ್ರಾ, ಕಾಂಗ್ ಸ್ಪೀಕರ್ ಹಚ್ಚಿದ ಫೋನಿನಲ್ಲಿ ಕೂಗಿದ್ದರು, ಈ ಜೇಜು ದ್ವೀಪದಲ್ಲಿ ಹೆಂಗಸಾಗಲಿ ಗಂಡಸಾಗಲಿ ಹಿರಿಯರೆಲ್ಲರೂ ಸಾಮ್‌ಚುನ್ನೇ, ಬೈಯುವಾಗಲೂ. ಕಿವಿ ಕೇಳದವಳಿಗೆಂದು ಅವರು ಕೂಗುತ್ತಾರೆ, ಅವಳು ತನಗೇ ಕೇಳಲೆಂದು ಕೂಗುತ್ತಾಳೆ, ಕಚೇರಿ ತುಂಬ ಕೂಗು, ಏನಂದೆಯಪ್ಪಾ, ಕುಕ್ಕರಾ, ಹೋದ ತಿಂಗಳು ಒಂದೇ ಒಂದ್ಸಲ ಕಿತ್ತಿದ್ದು ಕಣೋ, ಹೊಟ್ಟೆ ಹಸಿದಿತ್ತು, ನಿಮ್ಮ ಯಂತ್ರ ಹಸಿಯಲ್ವಲ್ಲ. ಇವತ್ತು ಯಾರು ಕಿತ್ರು ಮತ್ತೆ, ಸಂಪರ್ಕ ಹೋಗಿದೆ, ಭೋಂಗಾ ಊದಲ್ಲ, ನೀರಲ್ಲಿ ಹತ್ತೊಂಬತ್ತು ಜನ ಇದಾರೆ ಗೊತ್ತಾ. ಗೊತ್ತಿಲ್ದೆ ಏನು, ಯಂತ್ರದ ದೀಪ ಆರಿದ್ದು ನೋಡಿದ ಕೂಡ್ಲೆ ಕೆಳಗಿಳಿದು ಬಟ್ಟೆ ಬೀಸಿ ಎಲ್ರನ್ನೂ ದಡಕ್ಕೆ ಕರ್ದೆ, ಈಗ ಬಂಡೆ ಮೇಲೆ ಕೂತ್ಕೊಂಡು ನನ್ನನ್ನೇ ಬೈತಾವ್ರೆ, ಶಂಖ ಹೆಕ್ಕೋ ಹೊತ್ತಲ್ಲಿ ಕೂಳು ಬೇಯಿಸ್ತಾಳೆ ಮುದುಕಿ ಅಂತ. ಹೀಗೇ ಆದ್ರೆ ಸಂಜೆ ಸಂಘದ ಸಭೇಲಿ ನಿಮ್ಮನ್ನ ತೆಗೀತಾರೆ ಸಾಮ್‌ಚುನ್, ನಾನು ತಡೆಯೋಕಾಗಲ್ಲ, ತಾನೇ ನಡೆಯೋ ಹೊಸ ಪೆಟ್ಟಿಗೆ ತರಿಸ್ತಾರೆ. ಆಗ ಛುನ್‌ಹ್ವಾ ಕೂಗದೆ, ಇಷ್ಟು ಸಣ್ಣ ದನಿ ಅವಳಲ್ಲಿ ಇದೆಯೆಂದೇ ಗೊತ್ತಿರಲಿಲ್ಲ, ಇರ್ಬೋದಪ್ಪಾ, ಕೈ ತಾಗಿರ್ಬೋದು, ಈಚೀಚೆಗೆ ನೆನಪು ನಿಲ್ಲಲ್ಲ. ಸುಲ್ಬಿ ಬಾಯಿ ತೆರೆದಳು, ಬಾಯಿ ತೆರೆದದ್ದು ನಿಜ, ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು, ಶಾಲೆಯಲ್ಲಿ ಎದ್ದು ನಿಂತು ಓದು ಅಂದಾಗ ಅಂಟಿಕೊಳ್ಳುತ್ತಿದ್ದಂತೆಯೇ, ಆಗಲೂ ಪಾಠ ಬಾಯಿಪಾಠವಿತ್ತು, ಆಗಲೂ ನಿಂತೇ ಇದ್ದಳು. ಈಗ ಯಂತ್ರ ಹಚ್ಚಲು ಮೆಟ್ಟಿಲು ಹತ್ತುತ್ತಿರಬೇಕು ಛುನ್‌ಹ್ವಾ, ದಡದಿಂದ ನೂರ ಎಂಬತ್ತು ಮೆಟ್ಟಿಲು, ಮಂಡಿಗೆ ಕೈಯೂರಿ, ತಾನೇ ಮಾಡಿದೆನೆಂದು ನಂಬಿಕೊಂಡು, ಎಷ್ಟನೆಯ ಮೆಟ್ಟಿಲಲ್ಲಿ ಅದು ಪೂರ್ತಿ ನಿಜವಾಗುತ್ತದೆ, ನೂರನೆಯದರಲ್ಲೋ, ಕೆಲಸ ಹೋದರೆ ಹೋಗಲಿ, ನೆನಪೇ ಹೋಯಿತೆಂದು ಒಬ್ಬಳನ್ನು ನಂಬಿಸುವುದು —

ಹಸಿರು. ಚುಕ್ಕೆ ಹಸಿರಾಗಿದೆ, ಬೆರಳು ಒತ್ತಿದೆ, ಯಂತ್ರ ಎದ್ದಿದೆ, ಸುಲ್ಬಿಯ ಕೈ ತಾನಾಗಿ ಹೋಗಿ ಹೆಸರು ಬರೆಯುತ್ತದೆ, ಗುಟ್ಟಿನ ಪದ ಬರೆಯುತ್ತದೆ, ಬಾಗಿಲು ತೆರೆಯುತ್ತದೆ. ಬಂತಾ, ಕಾಂಗ್ ಕಾಫಿ ಲೋಟ ಹಿಡಿದು ದೂರದಿಂದಲೇ, ಹಾಗಾದ್ರೆ ತಂತಿ ಕೆಲಸ ಆಮೇಲಾಗ್ಲಿ, ಮೊದ್ಲು ಅಲ್ಲಿನ ದಿನಚರಿ ಕಡತ ತೆಗೆದು ಅಚ್ಚು ಹಾಕಮ್ಮಾ, ಪ್ಲಗ್ ಎಷ್ಟೊತ್ತಿಗೆ ಕಿತ್ರು ಅಂತ ಸಭೆಗೆ ತೋರಿಸ್ಬೇಕು. ಹೂಂ ಅಂದಳು. ಕಡತ ಇದೆ, ಆ ಯಂತ್ರ ಏನನ್ನೂ ಮರೆಯುವುದಿಲ್ಲ, ಒಂಬತ್ತು ಹನ್ನೆರಡು, ಮುನ್ ಸುಲ್ಬಿ, ಆರಿಸು, ಮೂರೇ ಮಾತು, ನಡುವಿನದು ತನ್ನ ಹೆಸರು, ಹನ್ನೊಂದು ಮೈಲಿ ದೂರದ ಗುಡ್ಡದ ಮೇಲೆ ಬರೆದಿಟ್ಟ ತನ್ನ ಹೆಸರು. ಆ ಒಂದು ಸಾಲು ಅಳಿಸಬಹುದು, ಅಳಿಸುವ ಗುಂಡಿ ಕಿರುಬೆರಳಿನ ಪಕ್ಕದಲ್ಲೇ ಇದೆ, ಕಾಂಗ್‌ಗೂ ಗೊತ್ತಾಗುವುದಿಲ್ಲ, ಕುರ್ಚಿ ಉಳಿಯುತ್ತದೆ, ಇನ್ನೊಮ್ಮೆ ನೆಲ ಒರೆಸಬೇಕಾಗಿಲ್ಲ, ಒರೆಸುವುದು, ಕೈ ನೀರಿನಲ್ಲಿ ಬಿಳಿಚಿ ಸುಕ್ಕಾಗುವುದು, ಅಷ್ಟರಲ್ಲಿ ಮಾತಿನ ಚೌಕ ಮಿನುಗಿತು, ಅಕ್ಷರ ಒಂದು, ತಡೆದು ಇನ್ನೊಂದು, ಆ ಹೆಬ್ಬೆರಳು ಹುಡುಕಿ ಹುಡುಕಿ ಒತ್ತುವುದು ಕಾಣುತ್ತದೆ, ನಾನೇ ಕಿತ್ತಿರ್ಬೇಕು ಮಗಾ, ಮೆಟ್ಟಿಲಿನ ಏದುಸಿರು ಇನ್ನೂ ಇರಬೇಕು, ಆಮೇಲೆ, ನಿಂಗೂ ಬೈದ್ರಾ.

ಯಾವ ಚೌಕದಲ್ಲಿದ್ದೇನೆ, ಸಾಲಿನ ಮೊದಲು ನೋಡಿದಳು, ಬಂಡೆ, ಮತ್ತೊಮ್ಮೆ ನೋಡಿದಳು, ಬಂಡೆ ಎಂದೇ ಇದೆ, ಅಚ್ಚು ಎಂದು ಬರೆದು ಒತ್ತಿದಳು, ಗೋಡೆಯ ಬಳಿ ಅಚ್ಚಿನ ಯಂತ್ರ ಕೆಮ್ಮಿ ಕಾಗದ ಎಳೆದುಕೊಂಡಿತು, ಕಾಂಗ್ ಅತ್ತ ತಿರುಗಿದರು, ನಾಲ್ಕು ಹೆಜ್ಜೆ, ಅವರು ಅಲ್ಲಿ ಮುಟ್ಟುವಷ್ಟರಲ್ಲಿ ಹೇಳಬೇಕು, ಬಾಯಿಂದಲೇ ಹೇಳಬೇಕು, ಕಾಗದ ಹೇಳುವ ಮೊದಲು, ಸಾರ್ ಅಂದಳು, ಅಷ್ಟೇ ಹೊರಟಿತು, ಸಾರ್, ಅವರಲ್ಲ, ನಾನು, ಅಷ್ಟು ಹೊರಟಿತು — ಪರದೆಯಲ್ಲಿ ಬಂಡೆಯ ಕ್ಯಾಮೆರಾ ಕಣ್ಣು ತೆರೆದಿದೆ, ಉಪ್ಪಿನ ಮಂಜು, ಬಿಳಿ, ಏನೂ ಕಾಣದು, ಆ ಬಿಳಿಯ ಮೇಲೆ ಏನೋ ಬಂದು ಒತ್ತುತ್ತದೆ, ಚೌಕದ ತುಂಬ, ಸುತ್ತುಸುತ್ತಿನ ಗೆರೆಗಳು, ಒದ್ದೆ, ಮೆಲ್ಲಗೆ ಉಜ್ಜುತ್ತ ಬದಿಗೆ ಸರಿಯುತ್ತದೆ, ಮತ್ತೆ ಬರುತ್ತದೆ, ಸೀಳಿದ ಉಗುರು, ಕಪ್ಪು ಗೆರೆ, ಹೆಬ್ಬೆರಳು.