ಬೊಂಬೆಯ ಮನೆ

"ಇಲ್ಲು," ಎಂದಳು ಆದಿಲಕ್ಷ್ಮಿ, ಅಕ್ಷರಗಳ ಕೆಳಗೆ ಬೆರಳು ಎಳೆಯುತ್ತ.

ಕಾರ್ಡಿನಲ್ಲಿ ಮೇಲೆ ಬಣ್ಣದಲ್ಲಿ ಬರೆದ ಕೆಂಪು ಹೆಂಚಿನ ಮನೆಯ ಬೊಂಬೆ, ಕೆಳಗೆ ದಪ್ಪಕ್ಷರದಲ್ಲಿ 'ಮನೆ' ಎಂದಿತ್ತು. ಮನೆಯಲ್ಲಿ ತೆಲುಗು ಆಡುವ ಹುಡುಗಿ, ಮನೆಗೆ ತೆಲುಗಿನ ಮಾತು ಬಾಯಿತಪ್ಪಿ ಬಂದಿರಬೇಕೆಂದು ಸುಧಾ ನಕ್ಕಳು. ನಕ್ಕ ಮೇಲೆ, ಹುಡುಗಿ ಓದಿದ್ದು ಅಕ್ಷರವನ್ನೋ ಬೊಂಬೆಯನ್ನೋ ಎಂದು ಅನುಮಾನ ಬಂತು. ಬೊಂಬೆಯನ್ನು ಅಂಗೈಯಲ್ಲಿ ಮುಚ್ಚಿ, "ಈಗ ಓದು ಪುಟ್ಟಿ," ಎಂದಳು.

ಆದಿಲಕ್ಷ್ಮಿ ಅಕ್ಷರ ನೋಡಲಿಲ್ಲ. ಅಂಗೈ ನೋಡಿದಳು, ಆಮೇಲೆ ಮಿಸ್ಸಿನ ಮುಖ ನೋಡಿದಳು. ಬೊಂಬೆ ಮುಚ್ಚಿದರೆ 'ಕಾಗೆ'ಯೂ ಬರಲಿಲ್ಲ, 'ಮರ'ವೂ ಬರಲಿಲ್ಲ. ತರಗತಿಯಲ್ಲೆಲ್ಲ ಚುರುಕಾದವಳೇ ಹೀಗೆ. ಉಳಿದವರನ್ನು ಕೇಳಲು ಸುಧಾಳಿಗೆ ಧೈರ್ಯವಾಗಲಿಲ್ಲ.

ಬಾಗಲೂರಿನ ಹತ್ತಿರದ ಈ ಕನ್ನಡ ಶಾಲೆಗೆ ತರಬೇತಿಗೆ ಬಂದಾಗಿನಿಂದ ಭಾನುವಾರಗಳನ್ನೆಲ್ಲ ಸವೆಸಿ ಬರೆದ ಬೊಂಬೆಗಳು ಅವು. ಕಾಗೆಯ ರೆಕ್ಕೆಗೆ ನೀಲಿ ಮಿಂಚನ್ನೂ ಕೊಟ್ಟಿದ್ದಳು. ಇವತ್ತು ಕೊನೆಯ ದಿನ. ಮಧ್ಯಾಹ್ನ ಪರೀಕ್ಷಕರು ಬಂದು ಪಾಠ ನೋಡುತ್ತಾರೆ. ಅವರು ಒಪ್ಪದಿದ್ದರೆ ಸುಧಾ ಟೀಚರಾಗುವುದಿಲ್ಲ.

ಹೆಡ್‌ಮಾಸ್ಟರ್ ನರಸಿಂಹಪ್ಪ ಸುಧಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಎಲೆಯಡಿಕೆ ಉಗಿದು ಬಂದರು.

"ಬೊಂಬೆ ಮುಚ್ಚಿ ಓದ್ಸೋದು ಇವತ್ತೇ ಆಗ್ಬೇಕೇನಮ್ಮಾ? ಮೊದ್ಲು ನೀನು ಪಾಸಾಗು."

"ನಾಳೆಯಿಂದ ನೀವು ಓದುಸ್ತೀರಾ ಸಾರ್?"

"ಐದು ಕ್ಲಾಸ್ಗೂ ನಾನೊಬ್ನೇ. ಊಟಕ್ಕೆ ಅಕ್ಕಿ ಅಳೆಯೋನೂ ನಾನೇ. ದೇವ್ರು ಓದುಸ್ತಾನೆ ಬಿಡು."

ಮಧ್ಯಾಹ್ನ ಪರೀಕ್ಷಕರು ಕುರ್ಚಿ ಎಳೆದುಕೊಂಡು ಕೂತರು. ಸುಧಾ ಒಂದೊಂದೇ ಕಾರ್ಡು ಎತ್ತಿದಳು, ಮಕ್ಕಳು ಒಂದೇ ದನಿಯಲ್ಲಿ ಓದಿದರು. "ಆ ಜಡೆ ಹುಡುಗಿ ಒಬ್ಬಳೇ ಓದಲಿ," ಎಂದರು ಅವರು. ಆದಿಲಕ್ಷ್ಮಿ ಎದ್ದಳು. ಕಾರ್ಡು ನೋಡುವ ಮೊದಲು ಸುಧಾಳ ಇನ್ನೊಂದು ಕೈ ನೋಡಿದಳು. ಆ ಕೈ ಬೊಂಬೆಯವರೆಗೆ ಬಂದು, ಅಲ್ಲೇ ನಿಂತು, ಸೀರೆಯ ನೆರಿಗೆಗೆ ಇಳಿಯಿತು.

"ಮನೆ," ಎಂದಳು ಹುಡುಗಿ ರಾಗವಾಗಿ.

"ಬಹಳ ಚೆನ್ನಾಗಿ ತಯಾರು ಮಾಡಿದ್ದೀರಿ," ಎಂದರು ಪರೀಕ್ಷಕರು.

ಅವರು ಹೋದ ಮೇಲೆ ಸುಧಾ ಚಾಪೆಯ ಮೇಲೆ ಕೂತು, ಕತ್ತರಿ ಹಿಡಿದು ಕಾರ್ಡುಗಳಿಂದ ಬೊಂಬೆಗಳನ್ನು ಬೇರೆ ಮಾಡತೊಡಗಿದಳು. ಮಕ್ಕಳೆಲ್ಲ ಮನೆಗೆ ಓಡಿದ್ದರು. ಆದಿಲಕ್ಷ್ಮಿ ಮಾತ್ರ ಚೀಲ ಹೆಗಲಿಗೇರಿಸಿ ನಿಂತಿದ್ದಳು.

"ಯಾಕ್ ಮಿಸ್ ಕತ್ರಿಸ್ತೀರಾ? ನಾನು ಚೆಂದಾಗಿ ಓದ್ಲಿಲ್ವಾ?"

"ಓದ್ದೆ ಕಣಮ್ಮಾ. ಬಾ, ಕೂತ್ಕೋ. ನನ್ ಬಸ್ಸು ಬರೋಗಂಟ ಇನ್ನೊಂದ್ ದಪ ಓದಾಣ." ಬೋಳು ಕಾರ್ಡೊಂದನ್ನು ಮುಂದೆ ಹಿಡಿದು ಮೊದಲ ಅಕ್ಷರದ ಕೆಳಗೆ ಬೆರಳಿಟ್ಟಳು. "ಇದು ಏನು, ಹೇಳು."

ಹುಡುಗಿಯ ಕಣ್ಣು ಚಾಪೆಯ ಮೇಲೆ ಚೆಲ್ಲಿದ್ದ ಬೊಂಬೆಗಳ ಕಡೆಗೇ ಇತ್ತು.

"ಇವು ನಂಗಾ ಮಿಸ್?"

ಆದಿಲಕ್ಷ್ಮಿ ಒಂದೂ ಬಿಡದೆ ಲಂಗದ ಮಡಿಲಿಗೆ ಆಯ್ದುಕೊಂಡು ಬಾಗಿಲು ದಾಟಿದಳು. "ಇಲ್ಲು... ಕಾಕಿ... ಚೆಟ್ಟು..." ಎಂದು ಒಂದೊಂದನ್ನೇ ಎತ್ತಿ ತೆಲುಗಿನಲ್ಲೇ ಹೇಳಿಕೊಳ್ಳುವ ದನಿ ಶಾಲೆಯಾಚೆಯ ಗುಲಾಬಿ ತೋಟದ ಬೇಲಿಯವರೆಗೂ ಕೇಳಿಸಿತು. ಸುಧಾಳ ಬೆರಳು ಇನ್ನೂ ಆ ಅಕ್ಷರದ ಕೆಳಗೇ ಇತ್ತು.