ಬೋಂಡನ ದವಡೆ

ಅಕ್ಷಯಾಳ ಒಂದು ಜಡೆ ಮುಗಿಸಿ ಅರ್ಪಿತಾ ಇನ್ನೊಂದಕ್ಕೆ ಕೈ ಹಾಕಿದ್ದಳಷ್ಟೆ, ಫೋನ್ ಬಂತು. ನಾಯಿ ಡಾಕ್ಟರು. ಕೈಯೆಲ್ಲ ಎಣ್ಣೆ. ಕಿರುಬೆರಳಿನಿಂದ ಸ್ಪೀಕರ್ ಒತ್ತಿದಳು.

"ಅಮ್ಮಾ, ಬಸ್! ಸೆವೆನ್ ಮಿನಿಟ್ಸ್!"

"ಸುಮ್ನಿರೇ, ಬೋಂಡಂದು ರಿಪೋರ್ಟ್ ಬಂದಿರ್ಬೇಕು."

ಹೆಸರು ಕೇಳಿ ಬೋಂಡ ಬಾಲ ಬಡಿದ. ಕೆಲವು ವಾರಗಳಿಂದ ಅವನ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಕಣ್ಣಿನ ಮೇಲೆ ಎರಡೂ ಬದಿ ಗುಳಿ ಬಿದ್ದಿತ್ತು. ಅಗಿಯುವ ಸ್ನಾಯುಗಳ ಮೇಲೆ ದೇಹವೇ ತಿರುಗಿಬೀಳುವ ಅಪರೂಪದ ಕಾಯಿಲೆ ಇರಬಹುದೆಂದು ಡಾಕ್ಟರು ರಕ್ತ ತೆಗೆದು ಕಳಿಸಿದ್ದರು.

ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ ಎಂದರು ಡಾಕ್ಟರು. ಗುರುವಾರ ಅರಿವಳಿಕೆ ಕೊಟ್ಟು ಸ್ನಾಯುವಿನ ಚೂರೊಂದನ್ನು ತೆಗೆದು ನೋಡಬೇಕು. ಬಾಯಿ ತೆರೆಯದ ನಾಯಿಗೆ ಉಸಿರಿನ ನಳಿಕೆ ಹಾಕುವುದು ಕಷ್ಟ, ಅಪಾಯವಿದೆ. "ಅದಕ್ಕೇ ಮತ್ತೊಮ್ಮೆ ಕೇಳುತ್ತೇನೆ. ಮೊದಲೇನಾದರೂ ಸ್ಟಿರಾಯ್ಡ್ ಕೊಟ್ಟಿದ್ದಿರಾ? ಕೊಟ್ಟಿದ್ದರೆ ಕಾಯಿಲೆಯಿದ್ದರೂ ರಕ್ತದಲ್ಲಿ ಕಾಣದಿರಬಹುದು, ಈ ವರದಿಯನ್ನು ನಂಬುವ ಹಾಗಿಲ್ಲ."

ಕೊಟ್ಟಿದ್ದಳು. ಹತ್ತು ದಿನ. ಮಾವ ಮೈಸೂರಿನಿಂದ ಅಮೆರಿಕದ ಈ ಮನ್ರೋಗೆ ಬಂದಾಗ ಬಿಟ್ಟುಹೋದ ಉಬ್ಬಸದ ಮಾತ್ರೆ, ಬೆಣ್ಣೆಯಲ್ಲಿ ಅದ್ದಿ. ಬಟ್ಟಲು ಹಿಡಿದು ನಿಂತವಳು ಅಕ್ಷಯಾ. ಮೂರನೆಯ ದಿನ ಬೋಂಡ ಮೊಸರನ್ನ ನೆಕ್ಕಿದಾಗ, "ನೋಡೇ, ನಾನೂ ಡಾಕ್ಟರ್ ಆಗ್ಬಿಟ್ಟೆ!" ಎಂದು ಅರ್ಪಿತಾ ನಕ್ಕಿದ್ದಳು. ಮಾತ್ರೆ ಮುಗಿಯಿತು, ದವಡೆ ಮತ್ತೆ ಬಿಗಿಯಿತು. ಕ್ಲಿನಿಕ್ಕಿನಲ್ಲಿ ಡಾಕ್ಟರು ಪೆನ್ನು ಹಿಡಿದು ಕೇಳಿದಾಗ, ಸೂಟ್‌ಕೇಸಿನಲ್ಲಿ ಬಂದ ಯಾರದೋ ಮಾತ್ರೆಯನ್ನು ನಾಯಿಗೆ ತಿನ್ನಿಸುವ ಹೆಂಗಸು ಎಂದು ಬರೆದುಕೊಂಡುಬಿಟ್ಟರೆ ಎಂದು ನಾಚಿ "ನೋ" ಎಂದಿದ್ದಳು. ಪಕ್ಕದಲ್ಲಿದ್ದ ಮಗಳು ತಲೆಯೆತ್ತಿ ನೋಡಿದ್ದಳು. ಅಂದಿನಿಂದ ಏನೂ ಕೇಳಿರಲಿಲ್ಲ.

"ನೋ, ಡಾಕ್ಟರ್," ಎಂದಳು ಅರ್ಪಿತಾ ಈಗಲೂ. "ನಥಿಂಗ್ ಲೈಕ್ ದಟ್."

ಸರಿ, ಗುರುವಾರ ಏಳಕ್ಕೆ, ಖಾಲಿ ಹೊಟ್ಟೆಯಲ್ಲಿ ಕರೆತನ್ನಿ ಎಂದರು. ಅತ್ತ ಕೀಲಿಮಣೆ ಬಡಿಯುವ ಸದ್ದು.

ಬೋಂಡ ಆಕಳಿಸಲು ಹೋಗಿ ಅರ್ಧಕ್ಕೇ ಕುಂಯ್ ಎಂದ. ಅಕ್ಷಯಾ ಅಮ್ಮನ ಕೈಯಿಂದ ಕೂದಲು ಬಿಡಿಸಿಕೊಂಡು ತಿರುಗಿದಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಇನ್ನೂ ಕಟ್ ಆಗದ ಫೋನನ್ನೊಮ್ಮೆ ನೋಡಿ, ದನಿ ತಗ್ಗಿಸಿ, ಒಂದೊಂದೇ ಪದ ಹುಡುಕಿ ಕನ್ನಡದಲ್ಲೇ ಕೇಳಿದಳು:

"ಅಮ್ಮಾ, ನಾವು ಮಾತ್ರೆ ಕೊಟ್ವಿ ಅಲ್ವಾ? ಯಾಕೆ... ಯಾಕೆ ಇಲ್ಲ ಅಂತ ಹೇಳಿದ್ದು?"